ಕೀ ಸರಿಯಿದ್ದರೂ ಅಪ್‌ಡೇಟ್ ಇಳಿಯದಿದ್ದರೆ: ಹಣ ಕೊಟ್ಟ ಪ್ಲಗಿನ್‌ಗಳ ದೋಷ ನಿವಾರಣೆ ಕೈಪಿಡಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಜಾಲತಾಣ ನಮ್ಮ ಉಸ್ತುವಾರಿಯಲ್ಲಿದೆ. ಕಡ್ಡಿ, ಡಬ್ಬಿ ಎರಡೂ ಬಗೆಯ ಕಾಯಿಯನ್ನು ಚೀಲದ ಲೆಕ್ಕದಲ್ಲಿ ಹೊರ ಊರುಗಳಿಗೆ ಕಳಿಸುವವರು. ತಾಣ ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಬಿಲ್ಲು ಮಾಡಲು ನಾವು ಹುಬ್ಬಳ್ಳಿಯಲ್ಲಿ ಬರೆದು ಮಾರುವ ಪ್ಲಗಿನ್, ಅಂದರೆ ಅದಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶ, ಬಳಸುತ್ತಾರೆ. ಹೋದ ಸುಗ್ಗಿಯಲ್ಲಿ ಎರಡು ತಿಂಗಳ ಒಳಗೆ ನಾವು ಮೂರು ಆವೃತ್ತಿ ಬಿಟ್ಟೆವು. ಮೂರು ಸಲವೂ ರಾತ್ರಿ ಒಂಬತ್ತರ ಹೊತ್ತಿಗೆ ಅವರಿಂದ ಫೋನ್ ಬಂತು. "ಸರ್, ಹೊಸ ಆವೃತ್ತಿ ಇದೆ ಎಂದು ತೋರಿಸುತ್ತದೆ. ಒತ್ತಿದರೆ ಡೌನ್‌ಲೋಡ್ ವಿಫಲ, ಅನುಮತಿ ಇಲ್ಲ ಎನ್ನುತ್ತದೆ. ವರ್ಷದ ಹಣ ಕಟ್ಟಿದ್ದೇನಲ್ಲ, ರಸೀದಿಯೂ ನಿಮ್ಮದೇ ಅಲ್ಲವೇ?"

ಮೊದಲ ಎರಡು ಸಲ ಮರುದಿನ ಬೆಳಿಗ್ಗೆ ನಾನು ಅವರ ಡ್ಯಾಶ್‌ಬೋರ್ಡಿಗೆ ಹೋಗಿ, ಅಪ್‌ಡೇಟ್ ಪುಟ ತೆರೆದು, 'ಮತ್ತೆ ಪರಿಶೀಲಿಸಿ' ಗುಂಡಿ ಒತ್ತಿ, ಆಮೇಲೆ ಅಪ್‌ಡೇಟ್ ಕೊಡುತ್ತಿದ್ದೆ. ಒಂದು ತೊಡಕೂ ಇಲ್ಲದೆ ಇಳಿಯುತ್ತಿತ್ತು. ಎರಡು ಸಲ ಅವರಿಗೆ "ನಿಮ್ಮ ಕಡೆ ಇಂಟರ್ನೆಟ್ ನಿಧಾನವಿರಬೇಕು" ಎಂದು ಹೇಳಿದೆ. ಅದು ತಪ್ಪು ಉತ್ತರ. ದೋಷ ನಮ್ಮದೇ ಪ್ಲಗಿನ್‌ನಲ್ಲಿತ್ತು, ಮತ್ತು ನಾನು ಪರೀಕ್ಷಿಸುತ್ತಿದ್ದ ಕ್ರಮವೇ ಅದನ್ನು ನನ್ನಿಂದ ಮರೆಮಾಡುತ್ತಿತ್ತು. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸಣ್ಣ ಅಂಗಡಿಗಳ ತಾಣಗಳನ್ನು ನೋಡಿಕೊಳ್ಳುವವರಿಗೂ, ನಮ್ಮಂತೆ ಪ್ಲಗಿನ್ ಬರೆದು ಮಾರುವವರಿಗೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ.

ಯಾವ ಓಡಾಟದಲ್ಲಿ ನಿಂತಿತು?

ವರ್ಡ್‌ಪ್ರೆಸ್‌ನ ಉಚಿತ ಪ್ಲಗಿನ್‌ಗಳು ಅದರ ಅಧಿಕೃತ ಭಂಡಾರದಿಂದ ಬರುತ್ತವೆ, ಅಲ್ಲಿ ಕೀ, ಅಂದರೆ ಹಣ ಕಟ್ಟಿದವರಿಗೆ ಕೊಡುವ ಪರವಾನಗಿಯ ಸಂಕೇತ, ಕೇಳುವವರಿಲ್ಲ. ಹಣ ಕೊಟ್ಟು ಕೊಂಡ ಪ್ಲಗಿನ್ ಸಾಮಾನ್ಯವಾಗಿ ಮಾರಿದವರ ಸ್ವಂತ ಸರ್ವರ್‌ನಿಂದ ಬರುತ್ತದೆ. ಅದಕ್ಕಾಗಿ ತಾಣ ಎರಡು ಸಲ ಅಲ್ಲಿಗೆ ಹೋಗಿ ಬರಬೇಕು. ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ಬಿಡಿಸಿಕೊಂಡವರಿಗೆ ಇದು ಹೊಸದಲ್ಲ. ಮೊದಲು ಗಂಟು ಬಂದಿದೆಯೇ ಎಂದು ವಿಚಾರಿಸುತ್ತೇವೆ, ಆಮೇಲೆ ಚೀಟಿ ತೋರಿಸಿ ಗಂಟು ಬಿಡಿಸಿಕೊಳ್ಳುತ್ತೇವೆ. ತಾಣವೂ ಮೊದಲ ಓಡಾಟದಲ್ಲಿ ಹೊಸ ಆವೃತ್ತಿಯ ಸಂಖ್ಯೆ ಮತ್ತು ಅದು ಸಿಗುವ ಕೊಂಡಿಯನ್ನು ತರುತ್ತದೆ. ಎರಡನೆಯದರಲ್ಲಿ ಆ ಕೊಂಡಿಯಿಂದ ಝಿಪ್ ಕಡತವನ್ನು ಇಳಿಸಿಕೊಳ್ಳುತ್ತದೆ. ಈ ಎರಡು ಓಡಾಟಗಳ ನಡುವೆ ಒಂದು ನಿಮಿಷ ಇರಬಹುದು, ಅರ್ಧ ದಿನವೂ ಇರಬಹುದು.

ಆದ್ದರಿಂದ ಫೋನ್ ಬಂದಾಗ ಮೊದಲು ಕೇಳಬೇಕಾದದ್ದು ಕೀಯನ್ನಲ್ಲ, ಪರದೆಯ ಮೇಲೆ ಅಕ್ಷರಶಃ ಏನಿದೆ ಎಂಬುದನ್ನು. ಹೊಸ ಆವೃತ್ತಿಯ ಸೂಚನೆಯೇ ಬಂದಿಲ್ಲದಿದ್ದರೆ ವಿಚಾರಣೆ ಕೆಟ್ಟಿದೆ. ಸೂಚನೆ ಬಂದು, 'ಈ ಪ್ಲಗಿನ್‌ಗೆ ಸ್ವಯಂಚಾಲಿತ ಅಪ್‌ಡೇಟ್ ಲಭ್ಯವಿಲ್ಲ' ಎಂಬ ಸಾಲಿದ್ದರೆ ವಿಚಾರಣೆ ಸರಿಯಾಗಿ ನಡೆದಿದೆ, ಆದರೆ ಸರ್ವರ್ ಕೊಂಡಿಯ ಜಾಗವನ್ನು ಖಾಲಿ ಬಿಟ್ಟು ಕಳಿಸಿದೆ. ಅನೇಕ ಮಾರಾಟಗಾರರು ಅವಧಿ ಮುಗಿದ ಕೀಗೆ ಕೊಡುವ ಉತ್ತರ ಇದೇ. ಒತ್ತಿದ ಮೇಲೆ 'ಡೌನ್‌ಲೋಡ್ ವಿಫಲ' ಎಂದರೆ ಎರಡನೆಯ ಓಡಾಟ ಕೆಟ್ಟಿದೆ. ಇಳಿದ ಮೇಲೆ 'ಹೊಂದಾಣಿಕೆಯಾಗದ ಸಂಕುಚಿತ ಕಡತ' ಎಂದರೆ ಏನೋ ಇಳಿದಿದೆ, ಆದರೆ ಅದು ಝಿಪ್ ಅಲ್ಲ.

ಇಷ್ಟು ತಿಳಿಯುವ ಮೊದಲೇ ಕೀ ಅಳಿಸಿ ಮತ್ತೆ ಹಾಕುವ ಅಭ್ಯಾಸ ಬಹಳ ಜನರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕೀಯನ್ನು ಇಷ್ಟೇ ತಾಣಗಳಲ್ಲಿ ಬಳಸಬಹುದೆಂಬ ಮಿತಿ ಇರಬಹುದು, ಮತ್ತು ಕೆಲವು ಸರ್ವರ್‌ಗಳಲ್ಲಿ ಪ್ರತಿ ಸಲ ಹೊಸದಾಗಿ ಸಕ್ರಿಯಗೊಳಿಸಿದಾಗಲೂ ಒಂದು ತಾಣದ ಎಣಿಕೆ ಏರುತ್ತದೆ. ಇದ್ದ ಒಂದು ದೋಷದ ಜೊತೆಗೆ ಮಿತಿ ಮೀರಿದ ಇನ್ನೊಂದು ದೋಷ ಸೇರಿಕೊಂಡು, ನಿಜವಾದದ್ದು ಅಡಗಿಬಿಡುತ್ತದೆ.

ಸೂಚನೆಯೇ ಬಾರದಿದ್ದರೆ

ಮೊದಲು ಪ್ಲಗಿನ್ ಸಕ್ರಿಯವಾಗಿದೆಯೇ ನೋಡಿ. ಹಣ ಕೊಟ್ಟ ಪ್ಲಗಿನ್‌ಗೆ ಹೊಸ ಆವೃತ್ತಿ ಇದೆಯೇ ಎಂದು ಮಾರಿದವರ ಸರ್ವರನ್ನು ಕೇಳುವ ಕೋಡ್ ಸಾಮಾನ್ಯವಾಗಿ ಆ ಪ್ಲಗಿನ್‌ನ ಒಳಗೇ ಇರುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿದರೆ ಕೇಳುವವರೇ ಇಲ್ಲದಂತಾಗುತ್ತದೆ. ಗದಗಿನ ಮುದ್ರಣಾಲಯವೊಂದರ ತಾಣದಲ್ಲಿ ಲಗ್ನಪತ್ರಿಕೆಯ ನಮೂನೆ ತೋರಿಸುವ ಗ್ಯಾಲರಿ ಪ್ಲಗಿನ್ ಎರಡು ವರ್ಷದಿಂದ ನಿಷ್ಕ್ರಿಯವಾಗಿ ಬಿದ್ದಿತ್ತು. ಡ್ಯಾಶ್‌ಬೋರ್ಡ್ ಎಲ್ಲವೂ ಹೊಸದಾಗಿದೆ ಎಂದು ತೋರಿಸುತ್ತಿತ್ತು. ಹಳೆಯ ಕಡತಗಳು ಮಾತ್ರ ಸರ್ವರ್‌ನಲ್ಲಿ ಹಾಗೆಯೇ ಇದ್ದವು, ಹೊರಗಿನಿಂದ ನೇರ ವಿಳಾಸ ಕೊಟ್ಟರೆ ತೆರೆದುಕೊಳ್ಳುತ್ತಲೂ ಇದ್ದವು. ಬಳಸದ ಪ್ಲಗಿನ್ ಇದ್ದರೆ ಅಳಿಸಿಬಿಡಿ. ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ತಾಣ ನಡೆಸುವ ಬಹುತಾಣ ಜಾಲದಲ್ಲಿಯೂ ಇದೇ ತೊಂದರೆ ಬರುತ್ತದೆ. ಪ್ಲಗಿನ್ ಒಂದು ಉಪತಾಣದಲ್ಲಿ ಮಾತ್ರ ಸಕ್ರಿಯವಾಗಿದ್ದರೆ ಜಾಲದ ಆಡಳಿತ ಪುಟದಲ್ಲಿ ಅದರ ಕೋಡ್ ಓಡದೇ ಇರಬಹುದು.

ಆಮೇಲೆ ಸಮಯದ ವಿಷಯ. ವರ್ಡ್‌ಪ್ರೆಸ್ ಪ್ಲಗಿನ್‌ಗಳ ವಿಚಾರಣೆಯನ್ನು ದಿನಕ್ಕೆ ಎರಡು ಸಲ ಮಾಡುತ್ತದೆ. ಆಡಳಿತಗಾರರು ಪ್ಲಗಿನ್‌ಗಳ ಪುಟ ತೆರೆದಾಗ, ಹಿಂದಿನ ಉತ್ತರಕ್ಕೆ ಒಂದು ಗಂಟೆ ಮೀರಿದ್ದರೆ ಮತ್ತೆ ಕೇಳುತ್ತದೆ. ಅಪ್‌ಡೇಟ್ ಪುಟದಲ್ಲಾದರೆ ಒಂದು ನಿಮಿಷ ಮೀರಿದ್ದರೆ ಸಾಕು. ಆದರೆ ದಿನಕ್ಕೆರಡು ಸಲದ ವಿಚಾರಣೆ ನಿಗದಿತ ಕೆಲಸಗಳನ್ನು ಓಡಿಸುವ ಅದರದೇ ಕ್ರಾನ್ ವ್ಯವಸ್ಥೆಯನ್ನು ನಂಬಿದೆ, ಆ ಕ್ರಾನ್ ಓಡುವುದು ಯಾರಾದರೂ ತಾಣಕ್ಕೆ ಬಂದಾಗ. ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡಿ ಮಾರುವ ಕುಟುಂಬವೊಂದರ ತಾಣಕ್ಕೆ ಮದುವೆ, ಸನ್ಮಾನಗಳ ಕಾಲ ಬಿಟ್ಟರೆ ಭೇಟಿ ಕಡಿಮೆ. ಬಂದವರಿಗೂ ಹೋಸ್ಟಿಂಗ್‌ನ ಕ್ಯಾಶ್ (ಹಿಂದಿನ ಪ್ರತಿಯನ್ನು ಉಳಿಸಿಟ್ಟುಕೊಳ್ಳುವ ವ್ಯವಸ್ಥೆ) ಸಿದ್ಧ ಪುಟವನ್ನೇ ಕೊಟ್ಟು ಕಳಿಸುತ್ತಿತ್ತು, ವರ್ಡ್‌ಪ್ರೆಸ್ ಎಚ್ಚರವಾಗುತ್ತಲೇ ಇರಲಿಲ್ಲ. ಹಿಂದೆ ಕೆಲಸ ಮಾಡಿದವರು ಸಂರಚನಾ ಕಡತದಲ್ಲಿ ಕ್ರಾನ್ ನಿಲ್ಲಿಸುವ ಸಾಲು ಬರೆದು, ಅದರ ಬದಲಿಗೆ ಸರ್ವರ್‌ನ ನಿಜವಾದ ಕ್ರಾನ್ ಹಾಕುವುದನ್ನು ಮರೆತಿರುವ ತಾಣಗಳನ್ನೂ ನೋಡಿದ್ದೇನೆ. 'ತಾಣದ ಆರೋಗ್ಯ' ಪುಟದಲ್ಲಿ ನಿಗದಿತ ಕೆಲಸ ತಡವಾಗಿದೆ ಎಂಬ ಎಚ್ಚರಿಕೆ ಇದ್ದರೆ ಇಲ್ಲಿಂದಲೇ ಹುಡುಕಲು ಶುರುಮಾಡಿ. ಹೋಸ್ಟಿಂಗ್ ಫಲಕದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಹಾಕಿದರೆ ಈ ತೊಂದರೆ ಮುಗಿಯುತ್ತದೆ.

ಆವೃತ್ತಿ ಸಂಖ್ಯೆಯ ತಪ್ಪು ಮಾರುವವರ ಕಡೆಯದು, ಕಣ್ಣಿಗೆ ಬೀಳುವುದು ಕಷ್ಟ. ಹೋಲಿಕೆ ಮಾಡುವುದು ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ನಿಯಮ. ಅದರ ಪ್ರಕಾರ 1.10 ದೊಡ್ಡದು, 1.9 ಚಿಕ್ಕದು, ಇಲ್ಲಿಯವರೆಗೆ ಸರಿ. ಆದರೆ 2.4 ಮತ್ತು 2.4.0 ಅದಕ್ಕೆ ಒಂದೇ ಅಲ್ಲ, 2.4 ಚಿಕ್ಕದು. ಸರ್ವರ್‌ನಲ್ಲಿ 2.4.0 ಎಂದೂ ಪ್ಲಗಿನ್‌ನ ತಲೆಬರಹದಲ್ಲಿ (ಅದರ ಮುಖ್ಯ ಕಡತದ ಆರಂಭದ ವಿವರಗಳಲ್ಲಿ) 2.4 ಎಂದೂ ಬರೆದರೆ, ಅಪ್‌ಡೇಟ್ ಮಾಡಿದ ಮೇಲೂ ಸೂಚನೆ ಹೋಗುವುದಿಲ್ಲ. ಸರ್ವರ್‌ನಲ್ಲಿ ಸಂಖ್ಯೆಯ ಮುಂದೆ 'ವಿ' ಅಕ್ಷರ ಸೇರಿಸಿದರೆ ಇದಕ್ಕೆ ತಿರುವಾದದ್ದು ಆಗುತ್ತದೆ. ಅಕ್ಷರದಿಂದ ಶುರುವಾದದ್ದನ್ನು ನಿಯಮವು ಅಂಕಿಗಿಂತ ಕೆಳಗೆ ಇಡುವುದರಿಂದ ಸೂಚನೆ ಬರುವುದೇ ಇಲ್ಲ.

ನವೀಕರಣದ ಹಣ ಕಟ್ಟಿದ ಮೇಲೂ ಹಳೆಯ ಉತ್ತರವೇ ಕಾಣುತ್ತಿದ್ದರೆ ಅದು ಕ್ಯಾಶ್. ವರ್ಡ್‌ಪ್ರೆಸ್ ತನ್ನ ಉತ್ತರವನ್ನು ತಾತ್ಕಾಲಿಕ ದಾಖಲೆಯಾಗಿ ಇಟ್ಟುಕೊಳ್ಳುತ್ತದೆ. ಪ್ಲಗಿನ್‌ಗಳೂ ತಮ್ಮದೇ ಪ್ರತಿಯನ್ನು ಕೆಲವು ಗಂಟೆ ಇಟ್ಟುಕೊಳ್ಳುತ್ತವೆ. ದಾಖಲೆಗಳನ್ನು ಸರ್ವರ್‌ನ ಮೆಮೊರಿಯಲ್ಲಿ ಇಡುವ ರೆಡಿಸ್‌ನಂಥ ಕ್ಯಾಶ್ ಇದ್ದರೆ ಆ ದಾಖಲೆ ಡೇಟಾಬೇಸ್‌ನಲ್ಲಿ ಇರುವುದೂ ಇಲ್ಲ, ಆದ್ದರಿಂದ ಡೇಟಾಬೇಸ್‌ನಲ್ಲಿ ಹುಡುಕಿ ಅಳಿಸಲು ಹೋಗಬೇಡಿ. ವರ್ಡ್‌ಪ್ರೆಸ್‌ನ ಆದೇಶ ಸಾಲಿನ ಉಪಕರಣದಿಂದ ಅಳಿಸಿದರೆ ಎಲ್ಲಿದ್ದರೂ ಹೋಗುತ್ತದೆ.

ಸಂಪರ್ಕವೇ ಆಗದಿದ್ದರೆ

ಇಲ್ಲಿ ಬಹಳ ಜನ ತಪ್ಪುವುದು ಒಂದೇ ಕಡೆ. ಹುಬ್ಬಳ್ಳಿಯ ಕಚೇರಿಯಲ್ಲಿ ಕುಳಿತು ಮಾರಾಟಗಾರರ ವಿಳಾಸವನ್ನು ತಮ್ಮ ಬ್ರೌಸರ್‌ನಲ್ಲಿ ತೆರೆದು, "ತೆರೆಯುತ್ತಿದೆಯಲ್ಲ" ಎನ್ನುತ್ತಾರೆ. ಅಪ್‌ಡೇಟ್ ತರಲು ಹೋಗುವುದು ನಿಮ್ಮ ಕಂಪ್ಯೂಟರ್ ಅಲ್ಲ, ತಾಣ ಕುಳಿತಿರುವ ಸರ್ವರ್. ಅದು ಮುಂಬೈಯಲ್ಲಿರಬಹುದು, ಸಿಂಗಪುರದಲ್ಲಿರಬಹುದು. ಆ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಸರ್ವರ್‌ನೊಳಗೆ ಹೋಗುವ ದಾರಿ) ಮೂಲಕ ಹೋಗಿ, ಅಲ್ಲಿಂದಲೇ ಜಾಲ ವಿಳಾಸವನ್ನು ತೆರೆದು ನೋಡುವ ಕರ್ಲ್ ಆದೇಶ ಕೊಟ್ಟು ನೋಡಿ. ಆ ದಾರಿ ಇಲ್ಲದಿದ್ದರೆ ವರ್ಡ್‌ಪ್ರೆಸ್‌ನ ದೋಷ ಲಾಗ್ ಚಾಲೂ ಮಾಡಿ, ಅಲ್ಲಿ ಬರುವ ಕರ್ಲ್ ದೋಷ ಸಂಖ್ಯೆ ಓದಿ.

ಸಂಖ್ಯೆ 6 ಎಂದರೆ ವಿಳಾಸವೇ ಸಿಗಲಿಲ್ಲ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಬೇಕು. 7 ಎಂದರೆ ವಿಳಾಸ ಸಿಕ್ಕಿತು, ಬಾಗಿಲು ತೆರೆಯಲಿಲ್ಲ. 28 ಎಂದರೆ ಕಾದು ಕಾದು ಸಮಯ ಮೀರಿತು, ಎಷ್ಟೋ ಸಲ ಇದು ಎರಡು ಕಡೆಗಳಲ್ಲಿ ಒಂದರ ಫೈರ್‌ವಾಲ್ ಮೌನವಾಗಿ ತಡೆದದ್ದು. ಸಂರಚನಾ ಕಡತದಲ್ಲಿ ಹೊರಗಿನ ಸಂಪರ್ಕಗಳನ್ನೆಲ್ಲ ತಡೆಯುವ ಸಾಲು ಇದ್ದರೆ ಕರ್ಲ್ ಸಂಖ್ಯೆಯೇ ಬರುವುದಿಲ್ಲ, ಬಳಕೆದಾರರು ತಡೆದಿದ್ದಾರೆ ಎಂಬ ಸಂದೇಶ ಬರುತ್ತದೆ. ಆಗ ಅನುಮತಿ ಪಡೆದ ವಿಳಾಸಗಳ ಪಟ್ಟಿಗೆ ಮಾರಾಟಗಾರರ ಸರ್ವರ್ ಸೇರಿಸಬೇಕು.

60 ಬಂದರೆ ಸರ್ವರ್‌ನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ತೊಂದರೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಸುರಕ್ಷಿತ ಸಂಪರ್ಕದ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಆವೃತ್ತಿ ಇದ್ದ ಸರ್ವರ್‌ಗಳಿಂದ ಸರಿಯಾದ ತಾಣಗಳಿಗೂ ಸಂಪರ್ಕ ಕಡಿಯಿತು. ವರ್ಡ್‌ಪ್ರೆಸ್ ತನ್ನದೇ ಪ್ರಮಾಣಪತ್ರಗಳ ಕಟ್ಟನ್ನು ಜೊತೆಗೆ ತರುತ್ತದೆ, ಅದನ್ನು ಅದೇ ವರ್ಷ ನವೆಂಬರ್‌ನಲ್ಲಿ ಬಂದ 5.8.2ರಲ್ಲಿ ಸರಿಪಡಿಸಿದರು. ಅದಕ್ಕಿಂತ ಹಳೆಯದರಲ್ಲಿ ನಿಂತ ತಾಣಗಳು ನಮ್ಮ ಕಡೆ ಇನ್ನೂ ಇವೆ. ಅಲ್ಲಿ ಮೊದಲು ವರ್ಡ್‌ಪ್ರೆಸ್ಸನ್ನೇ ಮೇಲಕ್ಕೆ ತನ್ನಿ.

ಪ್ರಮಾಣಪತ್ರ ಪರಿಶೀಲನೆಯನ್ನೇ ನಿಲ್ಲಿಸಿಬಿಟ್ಟರೆ 60 ಮಾಯವಾಗುತ್ತದೆ, ನಿಜ. ಎಷ್ಟೋ ಕಡೆ ಇದನ್ನೇ ಪರಿಹಾರ ಎಂದು ಹೇಳಿಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಪ್‌ಡೇಟ್ ಎಂದರೆ ಹೊರಗಿನಿಂದ ಬಂದ ಕೋಡ್ ನಿಮ್ಮ ಗ್ರಾಹಕರ ಅಂಗಡಿಯ ಒಳಗೆ ಕುಳಿತು ಓಡುವುದು. ಅದನ್ನು ಕಳಿಸಿದವರು ಯಾರು ಎಂದು ನೋಡುವ ಒಂದೇ ಕಾವಲನ್ನು ತೆಗೆದು, ಅದೇ ದಾರಿಯಲ್ಲಿ ಕೀಯನ್ನೂ ಕಳಿಸುವುದು ಯಾವ ತುರ್ತಿಗೂ ತಕ್ಕ ಬೆಲೆಯಲ್ಲ.

ಕೀ ನಿಜವಾಗಿ ತಪ್ಪಿದ್ದರೆ

ಸರ್ವರ್ ಕೊಡುವ ಉತ್ತರದ ಸಂಖ್ಯೆ 401 ಎಂದರೆ ನೀವು ಯಾರೆಂದು ತಿಳಿಯಲಿಲ್ಲ. 403 ಎಂದರೆ ತಿಳಿಯಿತು, ಆದರೆ ಕೊಡುವುದಿಲ್ಲ. ಎಲ್ಲ ಮಾರಾಟಗಾರರೂ ಈ ಭೇದವನ್ನು ಪಾಲಿಸುವುದಿಲ್ಲವಾದರೂ ಆರಂಭಕ್ಕೆ ಇದು ಒಳ್ಳೆಯ ಸುಳಿವು.

ಆ ಗದಗಿನ ಮುದ್ರಣಾಲಯದ ಯಜಮಾನರು ಹಿರಿಯರು, ನಾವು ಕಾಕಾ ಎನ್ನುತ್ತೇವೆ. ನವೀಕರಿಸಿದ ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು, ಅವರ ಹುಡುಗ ಅದನ್ನು ನಕಲಿಸಿ ಹಾಕಿದ. ಅಮಾನ್ಯ ಎಂದು ಬಂತು. ಪರದೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿದೆವು, ಒಂದೇ ಆಗಿತ್ತು. "ಎಲ್ಲ ಸರಿ ಇದೆಯಲ್ಲ, ತಮ್ಮಾ?" ಎಂದರು ಕಾಕಾ. ಕೊನೆಗೆ ಉದ್ದ ಎಣಿಸಿದೆ. 32 ಅಕ್ಷರ ಇರಬೇಕಾದದ್ದು 33 ಇತ್ತು. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿತ್ತು, ಜಾಗವೂ ಅಲ್ಲ, ಅಗಲವಿಲ್ಲದ ಜೋಡಣೆಯ ಗುರುತು. ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಆ ಗುರುತು ಪರಿಚಿತ. 'ಅಪ್‌ಡೇಟ್' ಎಂಬ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯುವುದೇ ಅಂಥದೊಂದು. ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಇಂಥದ್ದು ಸುಲಭವಾಗಿ ನುಸುಳುತ್ತದೆ. ಮಾಮೂಲಿ ಜಾಗವನ್ನು ಕತ್ತರಿಸುವ ಕೋಡ್ ಇದನ್ನು ಕತ್ತರಿಸುವುದಿಲ್ಲ. ಆದ್ದರಿಂದ ಕೀ ನೋಡುವಾಗ ಅಕ್ಷರ ಓದಬೇಡಿ, ಉದ್ದ ಎಣಿಸಿ. ಪ್ಲಗಿನ್ ಬರೆಯುವವರಿಗೆ ನನ್ನ ಬೇಡಿಕೆ: ಕೀಯಲ್ಲಿ ಇರಬಹುದಾದ ಅಕ್ಷರಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ಉಳಿಸುವ ಮೊದಲೇ ತೆಗೆದುಹಾಕಿ.

ಕೀ ಸರಿಯಿದ್ದು ಡೊಮೇನ್ ಬೇರೆಯಾಗಿದ್ದರೂ ಇದೇ ಉತ್ತರ ಬರುತ್ತದೆ. ಮುಂದೆ ಮೂರು ಡಬ್ಲ್ಯೂ ಇರುವುದು, ಇಲ್ಲದಿರುವುದು, ಪರೀಕ್ಷೆಗೆಂದು ಮಾಡಿದ ಪ್ರತಿ, ಹೋಸ್ಟಿಂಗ್ ಬದಲಿಸಿದಾಗ ಎರಡು ದಿನ ಬಳಸಿದ ತಾತ್ಕಾಲಿಕ ವಿಳಾಸ, ಇವೆಲ್ಲ ಒಂದೊಂದು ತಾಣವಾಗಿ ಎಣಿಕೆಯಾಗಿರಬಹುದು. ಮಾರಾಟಗಾರರ ಖಾತೆಗೆ ಹೋಗಿ ಪಟ್ಟಿ ನೋಡಿ, ಸತ್ತವುಗಳನ್ನು ತೆಗೆಯಿರಿ. ಕನ್ನಡ ಲಿಪಿಯ '.ಭಾರತ' ವಿಳಾಸ ಇರುವವರು ಇನ್ನೊಂದನ್ನು ಗಮನಿಸಬೇಕು. ಆ ವಿಳಾಸ ಒಳಗೆ 'ಎಕ್ಸ್‌ಎನ್' ಎಂದು ಶುರುವಾಗುವ ಲ್ಯಾಟಿನ್ ಅಕ್ಷರಗಳ ರೂಪದಲ್ಲಿ ಓಡಾಡುತ್ತದೆ. ಸಕ್ರಿಯಗೊಳಿಸುವಾಗ ಒಂದು ರೂಪ, ವಿಚಾರಣೆಯಲ್ಲಿ ಇನ್ನೊಂದು ರೂಪ ಹೋದರೆ ಸರ್ವರ್‌ಗೆ ಅವು ಎರಡು ಬೇರೆ ತಾಣಗಳು.

ಸರ್ವರ್ ಬದಲಿಸಿದ ಮೇಲೆ ಕೀ ತಾನಾಗಿಯೇ ಅಮಾನ್ಯವಾದರೆ, ಆ ಪ್ಲಗಿನ್ ಕೀಯನ್ನು ಗೂಢಲಿಪಿಯಲ್ಲಿ ಇಡುತ್ತದೆಯೇ ಕೇಳಿ. ಕೆಲವು ಪ್ಲಗಿನ್‌ಗಳು ಅದಕ್ಕೆ ಸಂರಚನಾ ಕಡತದಲ್ಲಿರುವ ಗುಪ್ತ ಸಾಲುಗಳನ್ನೇ ಬಳಸುತ್ತವೆ. ಹೊಸ ಸರ್ವರ್‌ನಲ್ಲಿ ಹೊಸ ಸಾಲು ಹುಟ್ಟಿಸಿಕೊಂಡರೆ ಹಳೆಯ ಕೀ ಬಿಚ್ಚುವುದಿಲ್ಲ. ಈ ಒಂದು ಸಂದರ್ಭದಲ್ಲಿ ಕೀಯನ್ನು ಮತ್ತೆ ಹಾಕುವುದೇ ಸರಿಯಾದ ಮದ್ದು.

ಒತ್ತಿದ ಮೇಲೆ ಬೀಳುವ ದೋಷ, ಮತ್ತು ಬ್ಯಾಡಗಿಯ ಪ್ರಕರಣ

ಮೂರನೆಯ ರಾತ್ರಿ ಅವರು ಫೋನ್ ಮಾಡಿದಾಗ ನಾನು ಬೆಳಗಿನವರೆಗೆ ಕಾಯಲಿಲ್ಲ. "ಏನೂ ಮುಟ್ಟಬೇಡಿರಿ, ಪರದೆ ಹಾಗೆಯೇ ಇರಲಿ" ಎಂದು ಹೇಳಿ ನಮ್ಮ ಸರ್ವರ್‌ನ ಲಾಗ್ ತೆರೆದೆ. ಅವರ ತಾಣದಿಂದ ಆ ಹೊತ್ತಿಗೆ ನಮ್ಮಲ್ಲಿಗೆ ಒಂದು ಕೋರಿಕೆಯೂ ಬಂದಿರಲಿಲ್ಲ. ಬಂದಿದ್ದು ಝಿಪ್ ಇಟ್ಟಿರುವ ಸಂಗ್ರಹದ ಲಾಗ್‌ನಲ್ಲಿ, 403. ಬೆಳಿಗ್ಗೆ ಒಂಬತ್ತೂವರೆಗೆ ಮಾತ್ರ ನಮ್ಮ ಸರ್ವರ್ ಅವರ ತಾಣದ ಕೀ ಪರಿಶೀಲಿಸಿ, ಒಂದು ಕೊಂಡಿ ಕೊಟ್ಟಿತ್ತು. ರಾತ್ರಿ ಒಂಬತ್ತಕ್ಕೆ ಅವರು ಒತ್ತಿದ್ದು ಅದೇ ಕೊಂಡಿಯನ್ನು.

ಆ ಕೊಂಡಿಗೆ ನಾವು ಕೊಟ್ಟಿದ್ದ ಆಯುಸ್ಸು ಒಂದು ಗಂಟೆ. ಕೊಂಡಿಯೊಳಗೇ ಸಹಿ ಮತ್ತು ಅವಧಿ ಸೇರಿರುತ್ತದೆ, ಅವಧಿ ಮುಗಿದರೆ ಸಂಗ್ರಹ ಬಾಗಿಲು ಮುಚ್ಚುತ್ತದೆ. ಕೊಂಡಿ ಬೇರೆಯವರ ಕೈಗೆ ಹೋದರೂ ಕೆಲಸಕ್ಕೆ ಬಾರದಿರಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಅದೇ ಪ್ಲಗಿನ್‌ನಲ್ಲಿ, ಸರ್ವರ್‌ಗೆ ಪದೇ ಪದೇ ತೊಂದರೆ ಕೊಡಬಾರದೆಂದು, ವಿಚಾರಣೆಯ ಉತ್ತರವನ್ನು ಹನ್ನೆರಡು ಗಂಟೆ ಇಟ್ಟುಕೊಳ್ಳುವಂತೆ ಬರೆದಿದ್ದೆವು. ಒಂದು ಗಂಟೆ ಬದುಕುವ ಕೊಂಡಿಯನ್ನು ಹನ್ನೆರಡು ಗಂಟೆ ಜೇಬಿನಲ್ಲಿ ಇಟ್ಟುಕೊಂಡ ಹಾಗಾಯಿತು. ವರ್ಡ್‌ಪ್ರೆಸ್ ಎಷ್ಟು ಸಲ ಕೇಳಿದರೂ ನಮ್ಮ ಪ್ಲಗಿನ್ ಜೇಬಿನಿಂದ ಹಳೆಯ ಕೊಂಡಿಯನ್ನೇ ತೆಗೆದು ಕೊಡುತ್ತಿತ್ತು. ವ್ಯಾಪಾರಿ ಬೆಳಿಗ್ಗೆ ಆರ್ಡರ್ ನೋಡಲು ಡ್ಯಾಶ್‌ಬೋರ್ಡ್ ತೆರೆಯುತ್ತಿದ್ದರು, ಆಗ ಕೊಂಡಿ ಹುಟ್ಟುತ್ತಿತ್ತು. ದಿನವಿಡೀ ಮಾರುಕಟ್ಟೆಯಲ್ಲಿ ಮಾಲು ನೋಡಿ, ರಾತ್ರಿ ಲೆಕ್ಕ ಮುಗಿಸಿ ಅಪ್‌ಡೇಟ್ ಒತ್ತುತ್ತಿದ್ದರು. ಅಷ್ಟರಲ್ಲಿ ಅದು ಸತ್ತು ಹಲವು ಗಂಟೆಗಳಾಗಿರುತ್ತಿದ್ದವು. ನಾನು ಒತ್ತುತ್ತಿದ್ದ 'ಮತ್ತೆ ಪರಿಶೀಲಿಸಿ' ಗುಂಡಿ ಆ ಜೇಬನ್ನು ಖಾಲಿ ಮಾಡಿ ಹೊಸ ಕೊಂಡಿ ತರಿಸುತ್ತಿತ್ತು. ನಾನು ಪ್ರತಿ ಸಲ ದೋಷವನ್ನು ಒರೆಸಿಹಾಕಿ, ಆಮೇಲೆ ದೋಷ ಇದೆಯೇ ಎಂದು ನೋಡುತ್ತಿದ್ದೆ.

ಗ್ರಾಹಕರು ಹೇಳಿದ್ದು ನಮ್ಮ ಕೈಯಲ್ಲಿ ಮರುಕಳಿಸದಿದ್ದರೆ, ಅವರು ಮಾಡಿದ ಕ್ರಮದಲ್ಲೇ, ಅವರು ಮಾಡಿದ ಹೊತ್ತಿಗೇ, ಅಷ್ಟೇ ಅಂತರ ಬಿಟ್ಟು ಮಾಡಬೇಕು. ಈ ಕೈಪಿಡಿಯಲ್ಲಿ ನೆನಪಿಡಬೇಕಾದ ಮಾತು ಒಂದಿದ್ದರೆ ಇದು.

ಸರಿಪಡಿಸಲು ನಾವು ಮೊದಲು ಆಯ್ದುಕೊಂಡ ದಾರಿ ಹೀಗಿತ್ತು. ವಿಚಾರಣೆಯ ಉತ್ತರದಲ್ಲಿ ಅವಧಿಯಿಲ್ಲದ ನಮ್ಮದೇ ಸರ್ವರ್‌ನ ವಿಳಾಸ ಕೊಡುವುದು. ಒತ್ತಿದಾಗ ಪ್ಲಗಿನ್ ಕೀಯನ್ನು ದೃಢೀಕರಣದ ಹೆಡರ್‌ನಲ್ಲಿ (ಕೋರಿಕೆಯ ಜೊತೆ ಹೋಗುವ ವಿವರದ ಸಾಲಿನಲ್ಲಿ) ಕಳಿಸುವುದು. ನಮ್ಮ ಸರ್ವರ್ ಆಗ ಕೀ ನೋಡಿ, ಐದು ನಿಮಿಷದ ಹೊಸ ಕೊಂಡಿ ಹುಟ್ಟಿಸಿ, ಅತ್ತ ತಿರುಗಿಸುವುದು. ಕಾಗದದ ಮೇಲೆ ಚೆನ್ನಾಗಿತ್ತು. ಓಡಿಸಿದಾಗ ಎರಡು ತೊಡಕು ಬಂದವು.

ಒಂದು, ಕೀ ನಮ್ಮ ಸರ್ವರ್‌ಗೆ ಬರಿದಾಗಿ ಬರುತ್ತಿತ್ತು. ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಹಿಂದೆ ಪಿಎಚ್‌ಪಿಯನ್ನು ಸಿಜಿಐ ಅಥವಾ ಫಾಸ್ಟ್‌ಸಿಜಿಐ ಮೂಲಕ ಓಡಿಸಿದಾಗ, ದೃಢೀಕರಣದ ಹೆಡರನ್ನು ಅಪಾಚೆ ಒಳಗೆ ಬಿಡದೇ ಇರಬಹುದು. ಭದ್ರತೆಗಾಗಿ ಅದರ ಪೂರ್ವನಿಯೋಜಿತ ನಡವಳಿಕೆ ಅದು. ಅಪಾಚೆ 2.4.13ರಿಂದ ಅದನ್ನು ಒಳಗೆ ಬಿಡಲು ಒಂದೇ ಸಾಲಿನ ನಿರ್ದೇಶನ ಇದೆ. ಪ್ಲಗಿನ್ ಮಾರುವವರಲ್ಲಿ ಯಾರಿಗಾದರೂ ಎಲ್ಲ ಗ್ರಾಹಕರೂ ಒಟ್ಟಿಗೆ 401 ಪಡೆಯುತ್ತಿದ್ದರೆ, ಮೊದಲು ತಮ್ಮ ಸರ್ವರ್‌ಗೆ ಹೆಡರ್ ತಲುಪುತ್ತಿದೆಯೇ ನೋಡಿಕೊಳ್ಳಲಿ.

ಇನ್ನೊಂದು, ತಿರುಗಿಸಿದ ಮೇಲೆ ಸಂಗ್ರಹ 400, ಅಂದರೆ ಕೋರಿಕೆಯೇ ಸರಿಯಿಲ್ಲ, ಎನ್ನುತ್ತಿತ್ತು. ಕೊಂಡಿಯೊಳಗೆ ಸಹಿ ಇತ್ತು, ಅದರ ಜೊತೆಗೆ ನಮ್ಮ ದೃಢೀಕರಣದ ಹೆಡರ್ ಕೂಡ ಅಲ್ಲಿಯವರೆಗೆ ಸಾಗಿ ಹೋಗುತ್ತಿತ್ತು. ಅಮೆಜಾನ್‌ನ ಎಸ್3 ಮಾದರಿಯ ಸಂಗ್ರಹಗಳು ಒಂದು ಕೋರಿಕೆಯಲ್ಲಿ ಒಂದೇ ಬಗೆಯ ದೃಢೀಕರಣವನ್ನು ಒಪ್ಪುತ್ತವೆ, ಎರಡು ಕಂಡರೆ ಹಿಂದಕ್ಕೆ ಕಳಿಸುತ್ತವೆ. ಅದಲ್ಲದೆ ಗ್ರಾಹಕರ ಕೀ ಮೂರನೆಯವರ ಬಾಗಿಲಿಗೆ ಹೋಗುತ್ತಿದ್ದುದೇ ತಪ್ಪು. ಆದ್ದರಿಂದ ತಿರುಗಿಸುವುದನ್ನು ಬಿಟ್ಟೆವು. ಈಗ ಅಪ್‌ಡೇಟ್ ಒತ್ತಿದ ಕ್ಷಣದಲ್ಲಿ, ಇಳಿಸಲು ಶುರುಮಾಡುವ ಮೊದಲು, ಪ್ಲಗಿನ್ ನಮ್ಮ ಸರ್ವರನ್ನು ಕೇಳಿ ಹೊಸ ಕೊಂಡಿ ಪಡೆಯುತ್ತದೆ. ಕೀ ನಮ್ಮಲ್ಲಿಗೆ ಮಾತ್ರ ಬರುತ್ತದೆ, ಸಂಗ್ರಹಕ್ಕೆ ಹೋಗುವುದು ಸಹಿ ಇರುವ ಕೊಂಡಿ ಮಾತ್ರ. ಇಳಿಸುವ ಮೊದಲು ಮಧ್ಯೆ ಬರಲು ವರ್ಡ್‌ಪ್ರೆಸ್ ಫಿಲ್ಟರ್ ಕೊಟ್ಟಿದೆ, ಅದನ್ನೇ ಬಳಸಿದೆವು.

ಹೊಸ ಕೊಂಡಿಯೂ ಹುಟ್ಟುತ್ತಲೇ ಅವಧಿ ಮುಗಿದಂತೆ ವರ್ತಿಸಿದರೆ ಕೊಂಡಿ ಹುಟ್ಟಿಸುವ ಸರ್ವರ್‌ನ ಗಡಿಯಾರ ನೋಡಿ. ಹತ್ತು ನಿಮಿಷ ಹಿಂದಿದ್ದರೆ ಐದು ನಿಮಿಷದ ಕೊಂಡಿ ಸತ್ತೇ ಹುಟ್ಟುತ್ತದೆ. ಗಡಿಯಾರವನ್ನು ಸರಿಹೊಂದಿಸುವ ಎನ್‌ಟಿಪಿ ಚಾಲೂ ಇರಬೇಕು.

ಇಳಿದದ್ದು ಝಿಪ್ ಅಲ್ಲದಿದ್ದರೆ

'ಹೊಂದಾಣಿಕೆಯಾಗದ ಸಂಕುಚಿತ ಕಡತ' ಎಂಬ ಸಂದೇಶ ಬಂದಾಗ ಝಿಪ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಇಳಿದ ಕಡತವನ್ನು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು ನೋಡಿ. ನಿಜವಾದ ಝಿಪ್ ಕಡತ 'ಪಿ' ಮತ್ತು 'ಕೆ' ಎಂಬ ಎರಡು ದೊಡ್ಡ ರೋಮನ್ ಅಕ್ಷರಗಳಿಂದ ಶುರುವಾಗುತ್ತದೆ, ಅವು ಈ ವಿಧಾನ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಅದರ ಬದಲು ಎಚ್‌ಟಿಎಂಎಲ್ ಕಂಡರೆ, ಸರ್ವರ್ ಝಿಪ್ ಬದಲಿಗೆ ಒಂದು ಪುಟ ಕಳಿಸಿದೆ. ಧಾರವಾಡದ ಪೇಡೆ ಅಂಗಡಿಯೊಂದರ ತಾಣದಲ್ಲಿ ಹೀಗೆ ಇಳಿದದ್ದು ಎರಡು ಎಂಬಿ ಇರಬೇಕಾಗಿತ್ತು, ಇದ್ದದ್ದು ಹದಿನಾಲ್ಕು ಕೆಬಿ. ತೆರೆದರೆ ಒಳಗೆ 'ನೀವು ಮನುಷ್ಯರೆಂದು ಖಚಿತಪಡಿಸಿ' ಎಂಬ ಪುಟ. ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ನೂರಾರು ತಾಣಗಳಿಗೆ ಒಂದೇ ಐಪಿ ವಿಳಾಸ ಇರುತ್ತದೆ. ಅವುಗಳಲ್ಲಿ ಒಂದು ಕೆಟ್ಟ ಕೆಲಸ ಮಾಡಿದರೂ ಮಾರಾಟಗಾರರ ಕಾವಲು ಎಲ್ಲರನ್ನೂ ತಡೆಯುತ್ತದೆ. ಮಾರಾಟಗಾರರಿಗೆ ನಿಮ್ಮ ಸರ್ವರ್‌ನ ಐಪಿ ಕೊಟ್ಟು ಬಿಡಿಸಿಕೊಳ್ಳಬೇಕು. ಅವರು ಅಪ್‌ಡೇಟ್ ವಿಳಾಸಕ್ಕೆ ಆ ಪರೀಕ್ಷೆಯನ್ನೇ ತೆಗೆದರೆ ಇನ್ನೂ ಒಳ್ಳೆಯದು, ಅಲ್ಲಿಗೆ ಮನುಷ್ಯರು ಬರುವುದೇ ಇಲ್ಲ.

ದೋಷದ ಪುಟವನ್ನು 200 ಸಂಖ್ಯೆಯೊಂದಿಗೆ ಕಳಿಸುವ ಸರ್ವರ್‌ಗಳೂ ಇವೆ. ಕೀ ಮುಗಿದಿದೆ ಎಂದು ನೇರವಾಗಿ ಹೇಳುವ ಬದಲು 'ಎಲ್ಲ ಸರಿ' ಎಂದು ಹೇಳಿ ಬೇರೆ ಏನನ್ನೋ ಕೈಗಿಡುವುದು ಅದು. ಅಂಗಡಿಯವರು ಆ ಅರ್ಥವಾಗದ ಸಂದೇಶ ಇಟ್ಟುಕೊಂಡು ವಾರಗಟ್ಟಲೆ ಅಲೆಯುತ್ತಾರೆ. ನಿಮ್ಮ ಸರ್ವರ್ ಹೀಗೆ ಮಾಡುತ್ತಿದ್ದರೆ ಇಂದೇ ಬದಲಿಸಿ.

ಝಿಪ್ ಸರಿಯಾಗಿದ್ದೂ ಅಪ್‌ಡೇಟ್ ಆದ ಮೇಲೆ ಪ್ಲಗಿನ್ ತಾನಾಗಿಯೇ ನಿಷ್ಕ್ರಿಯವಾದರೆ, ಒಳಗಿನ ಫೋಲ್ಡರ್ ಹೆಸರು ಬದಲಾಗಿದೆ. ಕೋಡ್ ಇಟ್ಟು ಹಂಚುವ ಗಿಟ್‌ಹಬ್ ತಾಣ ತಾನೇ ಕಟ್ಟುವ ಝಿಪ್‌ನಲ್ಲಿ ಫೋಲ್ಡರ್ ಹೆಸರಿನ ಹಿಂದೆ ಆವೃತ್ತಿ ಸಂಖ್ಯೆ ಸೇರಿರುತ್ತದೆ, ಅದನ್ನೇ ನೇರವಾಗಿ ಹಂಚಬಾರದು. ಡಿಸ್ಕ್ ತುಂಬಿರುವುದು, ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲದಿರುವುದು ಮಾಮೂಲಿ ಕಾರಣಗಳು, ಸಂದೇಶದಲ್ಲೇ ತಿಳಿಯುತ್ತದೆ. ವರ್ಡ್‌ಪ್ರೆಸ್ 6.3ರಿಂದ, ಕೈಯಿಂದ ಮಾಡಿದ ಅಪ್‌ಡೇಟ್ ಮಧ್ಯೆ ಕೆಟ್ಟರೆ ಹಳೆಯ ಪ್ಲಗಿನ್ ಹಿಂದಕ್ಕೆ ಬರುತ್ತದೆ. ಆದ್ದರಿಂದ ಈಗ ಮೊದಲಿನಷ್ಟು ಭಯ ಬೇಡ.

ಬಂದದ್ದು ನಮ್ಮವರದೇ?

ದೃಢೀಕರಣ ಎಂದರೆ ಗ್ರಾಹಕರು ಹಣ ಕೊಟ್ಟಿದ್ದಾರೆಯೇ ಎಂದು ಮಾರಾಟಗಾರರು ನೋಡುವುದು ಮಾತ್ರ ಎಂದು ತಿಳಿದವರೇ ಹೆಚ್ಚು. ತಾಣವೂ ಬಂದ ಕಟ್ಟನ್ನು ನೋಡಬೇಕು. ನಿಮ್ಮ ಪ್ಲಗಿನ್‌ನ ಫೋಲ್ಡರ್ ಹೆಸರು ಅಧಿಕೃತ ಭಂಡಾರದ ಇನ್ನೊಂದು ಪ್ಲಗಿನ್‌ನ ಹೆಸರಿನಂತೆಯೇ ಇದ್ದರೆ, ವರ್ಡ್‌ಪ್ರೆಸ್ ಅದನ್ನು ತಂದು ನಿಮ್ಮದರ ಮೇಲೆ ಹಾಕಿಬಿಡಬಹುದು. 2021ರ ಜುಲೈಯಲ್ಲಿ ಬಂದ 5.8ರಿಂದ ಪ್ಲಗಿನ್‌ನ ತಲೆಬರಹದಲ್ಲಿ ಅಪ್‌ಡೇಟ್ ಎಲ್ಲಿಂದ ಬರಬೇಕು ಎಂದು ಬರೆಯುವ ಸಾಲಿದೆ. ಮಾರುವ ಪ್ರತಿ ಪ್ಲಗಿನ್‌ನಲ್ಲೂ ಅದು ಇರಲೇಬೇಕು ಎಂದು ನನ್ನ ಅಭಿಪ್ರಾಯ.

ವರ್ಡ್‌ಪ್ರೆಸ್ 2019ರಲ್ಲಿ, 5.2ರಿಂದ, ತನ್ನ ಮೂಲ ಕಟ್ಟುಗಳಿಗೆ ಎಡ್25519 ಎಂಬ ಬಗೆಯ ಡಿಜಿಟಲ್ ಸಹಿ ಸೇರಿಸಿತು. ಹೊರಗೆ ಮಾರುವ ಪ್ಲಗಿನ್‌ಗಳಿಗೆ ಅಂಥ ಕಾವಲನ್ನು ಅದು ಒದಗಿಸುವುದಿಲ್ಲ, ಮಾರುವವರೇ ಮಾಡಿಕೊಳ್ಳಬೇಕು. ಪಿಎಚ್‌ಪಿ 7.2ರಿಂದ ಇಂಥ ಸಹಿಯನ್ನು ಪರಿಶೀಲಿಸಬಲ್ಲ ಸೋಡಿಯಂ ಎಂಬ ಕೋಡ್ ಗ್ರಂಥಾಲಯ ಜೊತೆಯಲ್ಲೇ ಬರುತ್ತದೆ, ಹತ್ತಾರು ಸಾಲಿನ ಕೆಲಸ. ಸಹಿ ಮಾಡುವ ಗುಪ್ತ ಕೀ ಅಪ್‌ಡೇಟ್ ಸರ್ವರ್‌ನಲ್ಲಿ ಇರಬಾರದು, ಇದ್ದರೆ ಸರ್ವರ್ ಮುರಿದವರು ಸಹಿಯನ್ನೂ ಹಾಕಿಕೊಳ್ಳುತ್ತಾರೆ. ಕೀ ತೆಗೆದು ಪುಕ್ಕಟೆ ಹಂಚುವ ಪ್ರತಿಗಳನ್ನು ಹಾಕಿಕೊಂಡವರು ಈ ಕಾವಲಿನ ಪೂರ್ತಿ ಹೊರಗಿದ್ದಾರೆ. ಅಂಥ ತಾಣ ಕೈಗೆ ಬಂದರೆ ದೋಷ ಹುಡುಕಲು ಕೂರಬೇಡಿ, ಪ್ಲಗಿನ್ ಅಳಿಸಿ, ಅಸಲಿ ಹಾಕಿ, ಪಾಸ್‌ವರ್ಡ್‌ಗಳನ್ನು ಬದಲಿಸಿ.

ಸಹಾಯ ಕೇಳುವಾಗ ಪೂರ್ತಿ ಸಂದೇಶ, ಒತ್ತಿದ ಸಮಯ, ವರ್ಡ್‌ಪ್ರೆಸ್ ಮತ್ತು ಪಿಎಚ್‌ಪಿ ಆವೃತ್ತಿ, ಪ್ಲಗಿನ್ ಆವೃತ್ತಿ ಕಳಿಸಿ. ಕೀಯ ಕೊನೆಯ ನಾಲ್ಕು ಅಕ್ಷರ ಸಾಕು. ಪರದೆಯ ಚಿತ್ರದಲ್ಲಿ ಕೊಂಡಿ ಪೂರ್ತಿ ಕಾಣುತ್ತಿದ್ದರೆ ಅದರೊಳಗೆ ಕೀ ಇರಬಹುದು, ಮುಚ್ಚಿ ಕಳಿಸಿ.

ಬ್ಯಾಡಗಿಯ ತಾಣಕ್ಕೆ ಸರಿಪಡಿಸಿದ ಆವೃತ್ತಿಯನ್ನು ನಾನೇ ಕೈಯಾರೆ ಹಾಕಿದೆ, ಏಕೆಂದರೆ ಕೆಟ್ಟ ದಾರಿಯಲ್ಲೇ ದುರಸ್ತಿ ಕಳಿಸಲು ಆಗುವುದಿಲ್ಲ. ಅದರ ಮುಂದಿನ ಆವೃತ್ತಿ ಬಿಟ್ಟ ದಿನ ನಾನು ಅವರ ಡ್ಯಾಶ್‌ಬೋರ್ಡಿಗೆ ಹೋಗಲಿಲ್ಲ. ಬೆಳಿಗ್ಗೆ ಎಂದಿನಂತೆ ಆರ್ಡರ್ ನೋಡಿರಿ, ರಾತ್ರಿ ಲೆಕ್ಕ ಮುಗಿದ ಮೇಲೆ ಒತ್ತಿರಿ ಎಂದು ಮಾತ್ರ ಹೇಳಿ, ಲಾಗ್ ತೆರೆದು ಕುಳಿತೆ. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಅವರ ತಾಣದಿಂದ ಹೊಸ ಕೊಂಡಿಯ ಕೋರಿಕೆ ಬಂತು, ಎರಡು ಸೆಕೆಂಡ್ ಬಿಟ್ಟು ಸಂಗ್ರಹದ ಲಾಗ್‌ನಲ್ಲಿ 200. ಅಂದು ಅವರಿಂದ ಫೋನ್ ಬರಲಿಲ್ಲ.